‘ನೋಡೋಣು’ ಎಂಬ ನಿಲುವು

2023ರ ಮೇ 10, ಬುಧವಾರ. ಅಂದು ಕರ್ನಾಟಕ ವಿಧಾನಸಭೆಗೆ ಮತದಾನ. ಮೇ ತಿಂಗಳ ರಾಯಚೂರು ಬಿಸಿಲು ಬಲ್ಲವರು ಯಾರೂ ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಕಲ್ಲೂರಿರಲಿ, ಮಾನ್ವಿಯಿರಲಿ, ದೇವದುರ್ಗವಿರಲಿ, ಹೊತ್ತೇರುವ ಮೊದಲೇ ಓಟು ಹಾಕಿ ಮನೆ ಸೇರುವುದು ಇಲ್ಲಿನ ರೂಢಿ. ಶಾಲೆಯ ಅಂಗಳದಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. 2009ರಲ್ಲಿ ಚುನಾವಣಾ ಆಯೋಗ ಮತದಾರರ ಪಟ್ಟಿಯಲ್ಲಿ ‘ಇತರೆ’ ಎಂಬ ಮೂರನೆಯ ಕಲಂ ತೆರೆಯಿತು. ಅಂಗಳದ ಸಾಲುಗಳು ಮಾತ್ರ ಎರಡೇ ಉಳಿದವು.

ಅದೇ ಬುಧವಾರ ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಬೇರೊಂದು ಲೆಕ್ಕ ಕೇಳುತ್ತಿತ್ತು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಕಾನೂನಿನ ಪ್ರಕಾರ ಮದುವೆಯಾಗಬಹುದೇ ಎಂಬ ಪ್ರಕರಣದಲ್ಲಿ ರಾಜ್ಯಗಳ ಅಭಿಪ್ರಾಯ ಕೋರಿ ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲಿ ಪತ್ರ ಬರೆದಿತ್ತು. ಉತ್ತರ ಕೊಟ್ಟ ರಾಜ್ಯಗಳು ಏಳು ಎಂದು ಅಂದು ಪೀಠಕ್ಕೆ ತಿಳಿಸಲಾಯಿತು. ರಾಜಸ್ಥಾನ, ಆಂಧ್ರಪ್ರದೇಶ ಮತ್ತು ಅಸ್ಸಾಂ ವಿರೋಧಿಸಿದ್ದವು. ಸಿಕ್ಕಿಂ, ಮಹಾರಾಷ್ಟ್ರ, ಉತ್ತರಪ್ರದೇಶ ಮತ್ತು ಮಣಿಪುರ ಇನ್ನಷ್ಟು ಸಮಯ ಕೇಳಿದ್ದವು. ಕರ್ನಾಟಕದ ಹೆಸರು ಆ ಏಳರಲ್ಲಿ ಇರಲಿಲ್ಲ.

ನಮ್ಮ ಕಡೆ ಒಂದು ಮಾತಿದೆ, ‘ನೋಡೋಣು’. ಕಚೇರಿಗೆ ಅರ್ಜಿ ಹಿಡಿದು ಹೋದವರಿಗೆ, ಪಂಚಾಯ್ತಿ ಕಟ್ಟೆಯ ಮುಂದೆ ನ್ಯಾಯ ಕೇಳಿದವರಿಗೆ, ಮಗಳ ಇಷ್ಟವನ್ನು ಹಿರಿಯರ ಕಿವಿಗೆ ಹಾಕಿದ ತಾಯಿಗೆ ಸಿಗುವ ಉತ್ತರ ಅದು. ಅದರಲ್ಲಿ ಆಗುವುದಿಲ್ಲ ಎಂಬ ಕಠೋರತೆಯೂ ಇಲ್ಲ, ಆಗಲಿ ಎಂಬ ಧೈರ್ಯವೂ ಇಲ್ಲ. ಸಲಿಂಗ ವಿವಾಹದ ಬಗ್ಗೆ ನಮ್ಮ ನಾಯಕರ ನಿಲುವೇನು ಎಂದು ಹಿಂದಿನ ಐವತ್ತು ವರ್ಷಗಳ ಕಡತ ತಿರುವುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಈ ಒಂದೇ ಮಾತು. ಇದು ಆ ಮಾತಿನ ಕಥೆ. ಅದನ್ನು ಒಪ್ಪದೆ ನಿಂತ ಕೆಲವರ ಕಥೆಯೂ ಹೌದು.

*

ಮೊದಲು ನಿಂತವರು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಕನ್ನಡತಿ. ಸರ್ಕಸ್ ಕಲಾವಿದನ ಮಗಳು, ಶಾಲೆಯ ಓದು ದಕ್ಕದವರು. ಆರರ ವಯಸ್ಸಿಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಲೆಕ್ಕದ ಪ್ರದರ್ಶನ ಕೊಟ್ಟು ಪಂಡಿತರನ್ನು ಬೆರಗುಗೊಳಿಸಿದ ಶಕುಂತಲಾ ದೇವಿ. 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷ ದೆಹಲಿಯ ವಿಕಾಸ್ ಪ್ರಕಾಶನ ಅವರ ಇನ್ನೊಂದು ಕೆಲಸವನ್ನು ಹೊರತಂದಿತು. ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್’ ಎಂಬ ಆ ಪುಸ್ತಕ ಯಾರಿಗೂ ನೆನಪಿಲ್ಲ. ಸಲಿಂಗಪ್ರೇಮಿಗಳ ಬದುಕನ್ನು ಕುರಿತು ಭಾರತದಲ್ಲಿ ಬಂದ ಮೊದಲ ಅಧ್ಯಯನಗಳಲ್ಲಿ ಅದು ಒಂದು.

ಅವರು ಮನಶ್ಶಾಸ್ತ್ರಜ್ಞೆಯಲ್ಲ, ವಕೀಲೆಯೂ ಅಲ್ಲ. ಜನರ ಬಳಿ ಹೋಗಿ ಕೂತು ಮಾತಾಡಿಸಿದರು, ಅಷ್ಟೇ. ಭಾರತದ ಯುವಕರನ್ನು ಮಾತಾಡಿಸಿದರು. ಕೆನಡಾದಲ್ಲಿ ಕಾನೂನುಬದ್ಧ ಮದುವೆಗಾಗಿ ಹಂಬಲಿಸುತ್ತಿದ್ದ ಇಬ್ಬರು ಗಂಡಸರನ್ನು ಮಾತಾಡಿಸಿದರು. ಶ್ರೀರಂಗಂ ದೇವಾಲಯದ ಅರ್ಚಕ, ಸಂಸ್ಕೃತ ವಿದ್ವಾಂಸ ಶ್ರೀನಿವಾಸ ರಾಘವಾಚಾರ್ಯರನ್ನೂ ಕೇಳಿದರು. ಇಂಥ ಪ್ರೇಮಿಗಳು ಹಿಂದಿನ ಜನ್ಮದಲ್ಲಿ ಗಂಡು ಹೆಣ್ಣಾಗಿ ಕೂಡಿದ್ದವರೇ ಇರಬೇಕು, ಜನ್ಮ ಬದಲಾದಾಗ ದೇಹದ ಲಿಂಗ ಬದಲಾಗಬಹುದು, ಆತ್ಮಗಳ ಒಲವು ಬದಲಾಗದು ಎಂಬುದು ಆ ವೈಷ್ಣವ ಅರ್ಚಕರ ವಿವರಣೆ. ನಿರಾಕರಿಸಲು ಶಾಸ್ತ್ರವೇ ಆಧಾರ ಎನ್ನುವವರ ನಡುವೆ, ಶಾಸ್ತ್ರ ಓದಿದವರೊಬ್ಬರು ಒಪ್ಪಿಕೊಳ್ಳುವ ದಾರಿಯನ್ನು ಅದರಲ್ಲೇ ಕಂಡಿದ್ದರು. ಶಕುಂತಲಾ ದೇವಿ ಕೊನೆಗೆ ಕೇಳಿದ್ದು ಇಷ್ಟು: ಇದು ಅಪರಾಧ ಎನ್ನುವ ಕಾನೂನು ಹೋಗಬೇಕು, ಮತ್ತು ಸಮಾಜ ಈ ಜನರ ಮೇಲೆ ಕನಿಕರ ತೋರಿಸುವುದನ್ನು ಬಿಟ್ಟು ಅವರನ್ನು ಪೂರ್ತಿಯಾಗಿ ಒಪ್ಪಬೇಕು. ತನ್ನ ಮದುವೆಯ ಅನುಭವವೇ ಈ ಪುಸ್ತಕಕ್ಕೆ ಕಾರಣವೆಂದು 2001ರ ಸಾಕ್ಷ್ಯಚಿತ್ರವೊಂದರಲ್ಲಿ ಅವರು ಹೇಳಿಕೊಂಡರು.

ಮೂರು ವರ್ಷದ ನಂತರ, 1980ರ ಲೋಕಸಭಾ ಚುನಾವಣೆಯಲ್ಲಿ, ಅವರು ಎರಡು ಕಡೆ ಪಕ್ಷೇತರರಾಗಿ ನಿಂತರು. ಒಂದು ದಕ್ಷಿಣ ಮುಂಬಯಿ, ಇನ್ನೊಂದು ಮೆದಕ್. ಮೆದಕ್‌ನಲ್ಲಿ ಎದುರಾಳಿ ಇಂದಿರಾ ಗಾಂಧಿ. ಮೆದಕ್ ನಮಗೆ ದೂರದ್ದಲ್ಲ. 1956ರವರೆಗೆ ರಾಯಚೂರು, ಬೀದರ್, ಗುಲ್ಬರ್ಗ, ಮೆದಕ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಶಕುಂತಲಾ ದೇವಿ ಎರಡೂ ಕಡೆ ಸೋತರು. ಇಂಥ ಪುಸ್ತಕ ಬರೆದವರೊಬ್ಬರು ಅದನ್ನು ಮುಚ್ಚಿಡದೆ, ಹೆಸರು ಬದಲಿಸದೆ ಜನರ ಮುಂದೆ ನಿಂತು ಮತ ಕೇಳಿದರು ಎಂಬುದು ಉಳಿಯುತ್ತದೆ. ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ಅಷ್ಟು ಬೇಗ ಆ ಧೈರ್ಯ ಬರಲಿಲ್ಲ.

*

ಅಪರಾಧ ಬೇರೆ, ಮದುವೆ ಬೇರೆ. ಈ ಎರಡು ಕಾನೂನುಗಳು ನಮ್ಮ ಸೀಮೆಗೆ ಬಂದ ದಾರಿಯೂ ಬೇರೆ.

ಭಾರತೀಯ ದಂಡ ಸಂಹಿತೆಯ 377ನೇ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು. ‘ಪ್ರಕೃತಿ ನಿಯಮಕ್ಕೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿ ಅಥವಾ ಹತ್ತು ವರ್ಷದವರೆಗೆ ಸೆರೆವಾಸ. ಅದು ಜಾರಿಗೆ ಬರುವ ಹೊತ್ತಿಗೆ ರಾಯಚೂರು ನಿಜಾಮನ ಆಳ್ವಿಕೆಯಲ್ಲಿತ್ತು. ಇಲ್ಲಿ ನಡೆಯುತ್ತಿದ್ದುದು ಹೈದರಾಬಾದ್ ಸಂಸ್ಥಾನದ್ದೇ ಆದ ದಂಡ ಸಂಹಿತೆ. ಬ್ರಿಟಿಷರ ಸಂಹಿತೆ ನೇರವಾಗಿ ನಮ್ಮ ಮೇಲೆ ಬಂದದ್ದು ಬ್ರಿಟಿಷರು ಹೋದ ಮೇಲೆ, 1951ರ ಏಪ್ರಿಲ್ 1ರಂದು. ಅದಾದ ಮೂರು ವರ್ಷಕ್ಕೆ, 1954ರಲ್ಲಿ, ಜಾತಿ ಧರ್ಮ ಮೀರಿ ಮದುವೆಯಾಗುವವರಿಗಾಗಿ ವಿಶೇಷ ವಿವಾಹ ಕಾಯ್ದೆ ಬಂತು. ಅರ್ಜಿ ಕೊಟ್ಟ ಜೋಡಿಯ ಹೆಸರು, ವಿಳಾಸ ಕಚೇರಿಯ ಗೋಡೆಯ ಮೇಲೆ ಮೂವತ್ತು ದಿನ ತೂಗಬೇಕು. ಆಕ್ಷೇಪಣೆ ಇದ್ದವರು ಬಂದು ಹೇಳಬಹುದು. ಗಂಡಿಗೆ 21, ಹೆಣ್ಣಿಗೆ 18 ಎಂದು ವಯಸ್ಸು ನಿಗದಿಪಡಿಸುವಾಗ ಕಾಯ್ದೆ ಜೋಡಿಯೆಂದರೆ ಗಂಡು ಹೆಣ್ಣು ಎಂದೇ ಭಾವಿಸಿತ್ತು. 2023ರ ಮೊಕದ್ದಮೆ ನಿಂತದ್ದು ಹೆಚ್ಚಾಗಿ ಈ ಎರಡು ಪದಗಳ ಮೇಲೆ.

ಆದರೆ ನಮ್ಮ ನೆಲದಲ್ಲಿ ಗಂಡು, ಹೆಣ್ಣು ಎಂಬ ಎರಡೇ ಪದಗಳಿಗೆ ಬದುಕು ಎಂದಾದರೂ ಕಟ್ಟುಬಿದ್ದಿತ್ತೇ? ಮಂಗಳವಾರ, ಶುಕ್ರವಾರ ಯಾವುದಾದರೂ ಓಣಿಯಲ್ಲಿ ನಿಂತು ನೋಡಿ. ತಲೆಯ ಮೇಲೆ ಜಗ ಹೊತ್ತು, ಹಣೆತುಂಬ ಭಂಡಾರ ಬಳಿದು, ಇಳಕಲ್ ಸೀರೆ ಉಟ್ಟ ಜೋಗಪ್ಪ ಬರುತ್ತಾರೆ. ಚೌಡಿಕೆಯ ತಂತಿ ಮಿಡಿದ ಕೂಡಲೇ ಮನೆಯಾಕೆ ಮೊರದಲ್ಲಿ ಜೋಳ ತಂದು ನೀಡಿ, ಅವರ ಕಾಲು ಮುಟ್ಟಿ, ಕೂಸಿನ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. ಸವದತ್ತಿಯ ಎಲ್ಲಮ್ಮ, ಹುಲಗಿಯ ಹುಲಿಗೆಮ್ಮ ‘ಹಿಡಿದ’ ಜೀವವದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವುದನ್ನು ಊರು ದೇವಿಯ ಹೆಸರಲ್ಲಿ ಒಪ್ಪಿದೆ. ಆ ಒಪ್ಪಿಗೆಗೆ ಒಂದು ಎಲ್ಲೆಯೂ ಇದೆ. ದೇವಿಗೆ ಮುತ್ತು ಕಟ್ಟಿಸಿಕೊಂಡವರು ಮನುಷ್ಯರೊಂದಿಗೆ ಮನೆ ಮಾಡುವಂತಿಲ್ಲ. ಜಗಲಿಯವರೆಗೆ ಬರಬಹುದು, ಒಳಗೆ ಸಂಸಾರ ಹೂಡುವಂತಿಲ್ಲ. ಪೂಜಿಸಿದ ಕೈಗಳೇ ಅವರಿಗೆ ಸಂಬಂಧವನ್ನು ನಿರಾಕರಿಸಿದವು.

ಮುತ್ತು ಕಟ್ಟುವ ಪದ್ಧತಿಯ ಇನ್ನೊಂದು ಮುಖ ದೇವದಾಸಿಯರದು. ರಾಯಚೂರು ಜಿಲ್ಲೆ ಆ ನೋವನ್ನು ತಲೆಮಾರುಗಟ್ಟಲೆ ಹೊತ್ತಿದೆ. 1982ರಲ್ಲಿ ಕರ್ನಾಟಕದ ಶಾಸನಸಭೆ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಅದರಲ್ಲಿ ಒಂದು ಸಣ್ಣ ಕಲಂ ಇದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಯಾವ ರೂಢಿ, ಯಾವ ಸಂಪ್ರದಾಯ ಏನೇ ಹೇಳಲಿ, ದೇವರಿಗೆ ಬಿಡಲಾಗಿತ್ತು ಎಂಬ ಒಂದೇ ಕಾರಣಕ್ಕೆ ಹೆಣ್ಣೊಬ್ಬಳ ಮದುವೆ ಅಸಿಂಧುವಾಗುವುದಿಲ್ಲ ಎನ್ನುತ್ತದೆ ಅದು. ಮದುವೆಯ ಬಾಗಿಲಿನಿಂದ ಊರು ಹೊರಗಿಟ್ಟಿದ್ದವರನ್ನು ಕಾನೂನು ಒಳಗೆ ಕರೆಯಿತು. ಊರು ಮೊದಲು ಒಪ್ಪಲಿ, ಆಮೇಲೆ ನೋಡೋಣು ಎಂದು ವಿಧಾನಸೌಧ ಆಗ ಕಾಯಲಿಲ್ಲ. ಅಂದರೆ ಬೇಕೆಂದಾಗ ನಮ್ಮ ನಾಯಕರಿಗೆ ಇದು ಆಗದ ಕೆಲಸವಲ್ಲ.

*

2008ರ ಜೂನ್ 29, ಭಾನುವಾರ. ಬೆಂಗಳೂರಿನ ಬೀದಿಯಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೊದಲ ಹೆಮ್ಮೆಯ ನಡಿಗೆ. ಅದೇ ದಿನ ದೆಹಲಿ, ಕೋಲ್ಕತ್ತದಲ್ಲೂ ಜನ ನಡೆದರು. 1994ರ ‘ಗುಡ್ ಆಸ್ ಯು’ ಗುಂಪು, 1999ರ ‘ಸಂಗಮ’ ಸಂಸ್ಥೆ ಹದಿನಾಲ್ಕು ವರ್ಷ ಮುಚ್ಚಿದ ಕೋಣೆಗಳಲ್ಲಿ ಕಟ್ಟಿದ ಧೈರ್ಯ ಅಂದು ರಸ್ತೆಗೆ ಇಳಿಯಿತು. ಮನೆಯವರು ಗುರುತಿಸಿಯಾರೆಂದು ಕೆಲವರು ಮುಖವಾಡ ತೊಟ್ಟಿದ್ದರು.

ಮರುದಿನವೇ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂಬ ಬೇಡಿಕೆಗೆ ಕೇಂದ್ರದ ಕಾರ್ಮಿಕ ಸಚಿವರೊಬ್ಬರು ಬೆಂಬಲ ಸೂಚಿಸಿದರು. ಅವರು ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್, ಚರ್ಚಿಗೆ ನಡೆದುಕೊಳ್ಳುತ್ತಿದ್ದ ಶ್ರದ್ಧಾವಂತ ಕ್ರೈಸ್ತರು. ಅವರದು ಕಾನೂನು ಬದಲಿಸುವ ಇಲಾಖೆಯಾಗಿರಲಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದರು.

ಕಾನೂನು ಇಲಾಖೆ ಇನ್ನೊಬ್ಬ ಕರಾವಳಿಯ ನಾಯಕರ ಕೈಗೆ ಬಂದದ್ದು 2009ರ ಮೇ ಕೊನೆಯಲ್ಲಿ. ಮೂಡುಬಿದಿರೆ ಬಳಿಯ ಮಾರ್ಪಾಡಿಯ ಎಂ. ವೀರಪ್ಪ ಮೊಯಿಲಿ 1992ರಿಂದ 1994ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು, ಐದು ಸಂಪುಟಗಳ ‘ಶ್ರೀ ರಾಮಾಯಣ ಮಹಾನ್ವೇಷಣಂ’ ಬರೆದ ಕವಿ. ಕೊರಗರ ಬದುಕನ್ನು ‘ಕೊಟ್ಟ’ ಕಾದಂಬರಿಗೆ, ಭೂತ ಕಟ್ಟುವ ಪಂಬದರ ನೋವನ್ನು ‘ತೆಂಬರೆ’ಗೆ ತಂದ ಲೇಖಕ. ಊರಂಚಿಗೆ ತಳ್ಳಿಸಿಕೊಂಡವರ ಸಂಕಟ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಹಾಗಾಗಿ ಅವರ ಮೇಲೆ ಭರವಸೆ ಇಡಲು ಕಾರಣವಿತ್ತು.

ಆ ಹೊತ್ತಿಗೆ ದೆಹಲಿ ಹೈಕೋರ್ಟಿನಲ್ಲಿ ನಾಜ್ ಫೌಂಡೇಶನ್ 2001ರಲ್ಲಿ ಹೂಡಿದ ದಾವೆ ಕೊನೆಯ ಹಂತ ತಲುಪಿತ್ತು. ಒಂದೇ ಸರ್ಕಾರದ ಎರಡು ಇಲಾಖೆಗಳು ಅಲ್ಲಿ ಎರಡು ಮಾತಾಡಿದ್ದವು. ಎಚ್‌ಐವಿ ತಡೆಗೆ 377 ಅಡ್ಡಿ ಎಂದು ಆರೋಗ್ಯ ಇಲಾಖೆ, ಅದು ಇರಲೇಬೇಕು ಎಂದು ಗೃಹ ಇಲಾಖೆ. ಈ ಗಂಟನ್ನು ಬಿಡಿಸಲು ಗೃಹ ಮತ್ತು ಆರೋಗ್ಯ ಸಚಿವರ ಜೊತೆ ಕೂತು ಮಾತಾಡುವುದಾಗಿ ಮೊಯಿಲಿ ಜೂನ್‌ನಲ್ಲಿ ಹೇಳಿದರು. ಕಾಯ್ದೆ ಬದಲಾಗಲಿದೆ ಎಂಬ ಸುದ್ದಿ ಹಬ್ಬಿತು. ಧಾರ್ಮಿಕ ಮುಖಂಡರು ಎದ್ದು ನಿಂತರು. ಕೆಲವೇ ದಿನಗಳಲ್ಲಿ ಸಚಿವರ ಮಾತು ಮೆತ್ತಗಾಯಿತು. ಅವಸರದ ತೀರ್ಮಾನ ಇಲ್ಲ, ಚರ್ಚುಗಳೂ ಸೇರಿದಂತೆ ಎಲ್ಲ ವರ್ಗಗಳ ಆತಂಕ ಆಲಿಸಿಯೇ ಮುಂದಿನ ಹೆಜ್ಜೆ ಎಂದರು. ನೋಡೋಣು.

ಜುಲೈ 2ರಂದು ನ್ಯಾಯಮೂರ್ತಿಗಳಾದ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ತೀರ್ಪು ಕೊಟ್ಟರು. ವಯಸ್ಕರ ನಡುವೆ, ಒಪ್ಪಿಗೆಯಿಂದ, ಖಾಸಗಿಯಾಗಿ ನಡೆಯುವುದು ಅಪರಾಧವಲ್ಲ. ಒಂದು ವಾರದೊಳಗೆ ದೆಹಲಿಯ ಜ್ಯೋತಿಷಿ ಸುರೇಶ್ ಕುಮಾರ್ ಕೌಶಲ್ ಅವರ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿತ್ತು. ಸರ್ಕಾರವೂ ಮೇಲ್ಮನವಿ ಹಾಕಬೇಕೇ? ಮೊಯಿಲಿ, ಪಿ. ಚಿದಂಬರಂ, ಗುಲಾಂ ನಬಿ ಆಜಾದ್, ಈ ಮೂವರು ಸಚಿವರಿಗೆ ಅದನ್ನು ಪರಿಶೀಲಿಸುವ ಕೆಲಸ ಬಿತ್ತು. ಸೆಪ್ಟೆಂಬರ್ 17ರಂದು ಸಂಪುಟ ತೀರ್ಮಾನಿಸಿತು. ಸರ್ಕಾರ ತೀರ್ಪನ್ನು ವಿರೋಧಿಸುವುದಿಲ್ಲ, ಬೆಂಬಲಿಸುವುದೂ ಇಲ್ಲ. ಸರಿಯೋ ತಪ್ಪೋ ಸುಪ್ರೀಂ ಕೋರ್ಟೇ ಹೇಳಲಿ, ಅಟಾರ್ನಿ ಜನರಲ್ ಅದಕ್ಕೆ ನೆರವಾಗಲಿ.

ನ್ಯಾಯವಾಗಿ ಹೇಳಬೇಕು. ಮೇಲ್ಮನವಿ ಹಾಕದೆ ಇದ್ದದ್ದೇ ಒಂದು ಉಪಕಾರ. ಮುಂದಿನ ನಾಲ್ಕು ವರ್ಷ ಸಾವಿರಾರು ಜನ ಪೊಲೀಸರ ಅಂಜಿಕೆ ಇಲ್ಲದೆ ಉಸಿರಾಡಿದರು. ಆದರೆ ಕಾಯ್ದೆಯ ಪುಸ್ತಕ ತಿದ್ದುವ ಲೇಖನಿ ಆಗ ಸರ್ಕಾರದ ಕೈಯಲ್ಲಿತ್ತು, ಐದು ವರ್ಷದ ಅವಧಿ ಮುಂದಿತ್ತು. ಅಂಚಿನವರ ಕಥೆ ಬರೆದ ಕೈ ಕಾನೂನು ಸಚಿವಾಲಯದಲ್ಲಿದ್ದಾಗಲೂ 377ರ ಸಾಲು ಅಳಿಯಲಿಲ್ಲ. ಇದು ಒಬ್ಬರ ತಪ್ಪಲ್ಲ. ಇಡೀ ಸಂಪುಟ ಆರಿಸಿಕೊಂಡ ದಾರಿ ಅದು. ಅದರ ಬೆಲೆಯನ್ನು ಬೇರೆಯವರು ತೆತ್ತರು.

*

2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ರದ್ದುಮಾಡಿತು. 377 ಬೇಡವೆಂದರೆ ತೆಗೆಯಲು ಸಂಸತ್ತು ಸ್ವತಂತ್ರ ಎಂದಿತು ಪೀಠ. ಸಂಪುಟ ನ್ಯಾಯಾಲಯದ ಹೆಗಲಿಗೆ ಹೊರಿಸಿದ್ದನ್ನು ನ್ಯಾಯಾಲಯ ಸಂಸತ್ತಿನ ಹೆಗಲಿಗೆ ಹಿಂದಿರುಗಿಸಿತು. ಅಷ್ಟರಲ್ಲಿ ಸರ್ಕಾರದ ಅವಧಿಯೇ ಮುಗಿಯುತ್ತ ಬಂದಿತ್ತು. 2015ರ ಡಿಸೆಂಬರ್ 18ರಂದು ಶಶಿ ತರೂರ್ 377ನ್ನು ತಿದ್ದುವ ಖಾಸಗಿ ಮಸೂದೆ ತಂದರು. ಮಂಡನೆಗೆ ಅವಕಾಶ ಕೊಡಬೇಕೇ ಎಂಬ ಮೊದಲ ಮೆಟ್ಟಿಲಲ್ಲೇ 71ಕ್ಕೆ 24 ಮತಗಳಿಂದ ಲೋಕಸಭೆ ಅದನ್ನು ಹೊರಗಟ್ಟಿತು.

ಈ ನಡುವಿನ ವರ್ಷಗಳಲ್ಲಿ, 2014ರಲ್ಲಿ, ಬೆಂಗಳೂರಿನಲ್ಲಿ ಹೆಂಡತಿಯ ದೂರಿನ ಮೇಲೆ ಸಾಫ್ಟ್‌ವೇರ್ ಉದ್ಯೋಗಿಯೊಬ್ಬನನ್ನು 377ರ ಅಡಿ ಬಂಧಿಸಿದರು. ಸುದ್ದಿ ಓದಿದವರು ಆತನನ್ನೋ ಆಕೆಯನ್ನೋ ದೂರಿದರು. ನನಗೆ ಕೇಳಿಸಿದ್ದು ನಮ್ಮ ಮನೆಮನೆಗಳಲ್ಲಿ ಆಡುವ ಮಾತು: ‘ಮದುವಿ ಮಾಡಿದ್ರ ಎಲ್ಲಾ ಸರಿ ಹೋಗ್ತೈತಿ ತಗೊ.’ ಹುಡುಗ ಒಂಟಿಯಾಗಿ ಕೂತರೆ, ಹುಡುಗಿ ಬಂದ ವರಗಳನ್ನೆಲ್ಲ ಬೇಡವೆಂದರೆ ಹಿರಿಯರು ಬರೆಯುವ ಔಷಧಿ ಅದು. ಆ ಔಷಧಿ ಎರಡು ಜೀವ ಸುಡುತ್ತದೆ. ಒಲ್ಲದ ಹಾಸಿಗೆಯಲ್ಲಿ ಗಂಡ, ತನ್ನಲ್ಲೇ ಏನೋ ಕೊರತೆಯಿದೆಯೆಂದು ವರ್ಷಗಟ್ಟಲೆ ಕೊರಗುವ ಹೆಂಡತಿ. ಸಲಿಂಗ ವಿವಾಹ ಕುಟುಂಬವನ್ನು ಒಡೆಯುತ್ತದೆ ಎನ್ನುವವರು ಈ ಸುಳ್ಳು ಮದುವೆಗಳು ಒಡೆದ ಕುಟುಂಬಗಳನ್ನು ಒಮ್ಮೆ ಎಣಿಸಬೇಕು.

2016ರಲ್ಲಿ 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಇದ್ದರು. ಹಿಂದಿನ ವರ್ಷವಷ್ಟೇ ರಾಜ್ಯ ಸರ್ಕಾರ ಈ ಲಿಂಗತ್ವ ಅಲ್ಪಸಂಖ್ಯಾತ ಹೋರಾಟಗಾರ್ತಿಗೆ ರಾಜ್ಯೋತ್ಸವ ಪ್ರಶಸ್ತಿ ನೀಡಿತ್ತು. 2018ರ ಜುಲೈನಲ್ಲಿ ವಿಚಾರಣೆ ನಡೆದಾಗ ಕೇಂದ್ರದಲ್ಲಿ ಬೇರೆ ಪಕ್ಷದ ಸರ್ಕಾರವಿತ್ತು. ಉತ್ತರ ಮಾತ್ರ ಹಳೆಯದೇ: ಈ ವಿಷಯ ನ್ಯಾಯಾಲಯದ ವಿವೇಕಕ್ಕೆ ಬಿಟ್ಟದ್ದು. ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು 377ರ ಹಿಡಿತದಿಂದ ಬಿಡಿಸಿದರು. ಅಪರಾಧದ ಅಧ್ಯಾಯ ಮುಗಿಯಿತು. ಮದುವೆಯ ಅಧ್ಯಾಯ ಉಳಿಯಿತು.

*

2023ರ ಹೊತ್ತಿಗೆ ಮದುವೆಯ ಹಕ್ಕು ಕೋರಿ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳು ಸುಪ್ರೀಂ ಕೋರ್ಟು ತಲುಪಿದ್ದವು. ಅವುಗಳಲ್ಲಿ ಅಕ್ಕೈ ಮತ್ತು ಸಂಗಾತಿಗಳದ್ದೂ ಒಂದು. ಈ ಸಲ ಕೇಂದ್ರ ಸರ್ಕಾರ ನೋಡೋಣು ಎನ್ನಲಿಲ್ಲ, ನೇರವಾಗಿ ಬೇಡ ಎಂದಿತು. ಭಾರತೀಯ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಎಂದು ಮಾರ್ಚ್‌ನ ಪ್ರಮಾಣಪತ್ರದಲ್ಲಿ ಹೇಳಿತು. ಏಪ್ರಿಲ್ 17ರ ಅರ್ಜಿಯಲ್ಲಿ ಇನ್ನೂ ಒಂದು ಮಾತು ಸೇರಿಸಿತು: ಇದು ನಗರದ ಗಣ್ಯ ವರ್ಗದ ಅಭಿಪ್ರಾಯ, ಹಳ್ಳಿಗಳ ದನಿ ಇದರಲ್ಲಿಲ್ಲ. ಹಾಗೆನ್ನಲು ಸರ್ಕಾರದ ಬಳಿ ಯಾವ ಅಂಕಿಅಂಶವೂ ಇಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ವಿಚಾರಣೆಯ ಎರಡನೇ ದಿನವೇ ಹೇಳಿದರು.

ಹಳ್ಳಿಯ ಕಡೆಯಿಂದ ನಾನೂ ಒಂದು ಮಾತು ಹೇಳಬೇಕು. 2021ರ ಜುಲೈನಲ್ಲಿ ಯಡಿಯೂರಪ್ಪನವರ ಸರ್ಕಾರ, ಸಂಗಮ ಸಂಸ್ಥೆ ಹೈಕೋರ್ಟಿನಲ್ಲಿ ನಡೆಸಿದ ಪ್ರಕರಣದ ಫಲವಾಗಿ, ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಮರುವರ್ಷದ ಶಿಕ್ಷಕರ ನೇಮಕಾತಿಯಲ್ಲಿ ಅದರಡಿ ಆಯ್ಕೆಯಾದ ಮೂವರಲ್ಲಿ ಒಬ್ಬರು ರಾಯಚೂರು ಜಿಲ್ಲೆಯ ಹಳ್ಳಿಯವರು. ಜೋಳ ಬೆಳೆಯುವ ಈ ಕರಿನೆಲದವರು. ಇಂಥವರನ್ನು ನಗರದ ಗಣ್ಯರೆಂದು ಯಾರು ಕರೆದಾರು? ದೆಹಲಿಯವರೆಗೆ ಹೋಗಿ ಕೂಗಿದವರ ದನಿ ಕೇಳಿತು. ಇಲ್ಲಿಂದ ಹೊರಡಲಾಗದವರ ದನಿ ಕೇಳಲಿಲ್ಲ. ಕೇಳಲಿಲ್ಲವೆಂದರೆ ಆ ಜೀವಗಳೇ ಇಲ್ಲವೆಂದಲ್ಲ.

2023ರ ಅಕ್ಟೋಬರ್ 17ರಂದು ತೀರ್ಪು ಬಂತು. ಮೂವರ ಬಹುಮತದ ಮುಖ್ಯ ತೀರ್ಪನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಮದುವೆ ಎಂಬ ಸ್ಥಾನಮಾನವನ್ನು ಕೊಡುವುದು ಶಾಸನ, ಅದನ್ನು ನ್ಯಾಯಾಲಯ ತಾನೇ ಸೃಷ್ಟಿಸಲಾರದು ಎಂದರು. ಪಿಂಚಣಿ, ಭವಿಷ್ಯನಿಧಿಯಂಥ ಸವಲತ್ತುಗಳಿಂದ ಈ ಜೋಡಿಗಳು ವಂಚಿತರಾಗುತ್ತಿರುವ ಅನ್ಯಾಯವನ್ನೂ ಅವರು ಕಂಡರು. ಅದನ್ನು ಪರಿಶೀಲಿಸಲು ಉನ್ನತಾಧಿಕಾರ ಸಮಿತಿ ರಚನೆಯಾಗಬೇಕು ಎಂದರು. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್, ಮದುವೆಯಲ್ಲದಿದ್ದರೂ ಜೋಡಿಯ ಸಂಬಂಧಕ್ಕೆ ಮಾನ್ಯತೆ ಸಿಗಲೇಬೇಕೆಂದು ಭಿನ್ನವಾಗಿ ಬರೆದರು. ಒಂದು ವಿಷಯದಲ್ಲಿ ಐವರೂ ಒಂದಾದರು: ಲಿಂಗತ್ವ ಅಲ್ಪಸಂಖ್ಯಾತರು ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು. ಜೋಗಪ್ಪರಿಗೆ ನಮ್ಮ ಊರುಗಳು ಎಳೆದಿದ್ದ ಎಲ್ಲೆಯ ಒಂದು ಕಲ್ಲು ಅಂದು ಸರಿಯಿತು.

ಉಳಿದದ್ದು ಮತ್ತೆ ಸಂಸತ್ತಿಗೆ, ಸಮಿತಿಗೆ.

*

2024ರ ಏಪ್ರಿಲ್ 5ರಂದು ದೆಹಲಿಯಲ್ಲಿ ಕಾಂಗ್ರೆಸ್ ಪಕ್ಷದ ಚುನಾವಣಾ ಪ್ರಣಾಳಿಕೆ ಬಿಡುಗಡೆಯಾಯಿತು. ಅದನ್ನು ಪಕ್ಷದ ಅಧ್ಯಕ್ಷರಾಗಿ ಎತ್ತಿ ತೋರಿಸಿದವರು ಮಲ್ಲಿಕಾರ್ಜುನ ಖರ್ಗೆ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ, 1948ರ ರಜಾಕಾರರ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಕೂಸು. ನಮ್ಮ ಪಕ್ಕದ ಗುರುಮಿಠಕಲ್‌ನಿಂದ ಮತ್ತೆ ಮತ್ತೆ ಶಾಸಕರಾದವರು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬರಲು ದುಡಿದವರು. ಆ ಪ್ರಣಾಳಿಕೆಯಲ್ಲಿ ಒಂದು ಭರವಸೆ ಇತ್ತು: ವ್ಯಾಪಕ ಸಮಾಲೋಚನೆ ನಡೆಸಿ, ಲೈಂಗಿಕ ಅಲ್ಪಸಂಖ್ಯಾತ ಜೋಡಿಗಳ ‘ಸಿವಿಲ್ ಯೂನಿಯನ್’ಗೆ ಮಾನ್ಯತೆ ಕೊಡುವ ಕಾನೂನು ತರುತ್ತೇವೆ. ಮದುವೆ ಎಂಬ ಪದ ಅಲ್ಲಿರಲಿಲ್ಲ. ಜೊತೆಯಾಗಿ ಬಾಳುವುದನ್ನು ಸರ್ಕಾರ ದಾಖಲಿಸುತ್ತದೆ ಎಂಬ ಮಾತಿತ್ತು. ಪ್ರಣಾಳಿಕೆ ಸಮಿತಿಯ ಅಧ್ಯಕ್ಷರು ಪಿ. ಚಿದಂಬರಂ, 2009ರ ಮೂವರು ಸಚಿವರಲ್ಲಿ ಒಬ್ಬರು. ಅಂದು ಕೈಯಲ್ಲಿ ಅಧಿಕಾರವಿತ್ತು, ಮಾತು ಬರಲಿಲ್ಲ. ಹದಿನೈದು ವರ್ಷದ ಮೇಲೆ ಮಾತು ಬಂತು, ಅಧಿಕಾರ ಬರಲಿಲ್ಲ. ಆದರೂ ಆ ಸಾಲು ಅಚ್ಚಾಗಿದೆ. ಕಲ್ಯಾಣದ ನೆಲದ ನಾಯಕರೊಬ್ಬರು ಅಧ್ಯಕ್ಷರಾಗಿದ್ದಾಗ ಅಚ್ಚಾಯಿತು ಎಂಬುದರಲ್ಲಿ ನನಗೊಂದು ಸಮಾಧಾನವಿದೆ. ಜನ ಒಪ್ಪದ ಮದುವೆಯೊಂದರ ಪರ ನಿಂತು ಬಿಜ್ಜಳನ ಭಂಡಾರಿ ತನ್ನ ಪದವಿಯನ್ನೇ ಬಿಟ್ಟು ನಡೆದ ನೆಲವಲ್ಲವೇ ಇದು?

2025ರ ಜನವರಿ 9ರಂದು ಸುಪ್ರೀಂ ಕೋರ್ಟು ಮರುಪರಿಶೀಲನಾ ಅರ್ಜಿಗಳನ್ನೂ ತಳ್ಳಿಹಾಕಿತು. ಇನ್ನು ದಾರಿ ಶಾಸನಸಭೆಗಳ ಮೂಲಕವೇ.

ಕಲ್ಲೂರಿನ ಮಹಾಲಕ್ಷ್ಮಿಯ ಬಗ್ಗೆ ಈ ಕಡೆ ಒಂದು ಕಥೆ ಹೇಳುತ್ತಾರೆ. ಒಬ್ಬ ಬಡ ಭಕ್ತ ವರ್ಷವರ್ಷವೂ ಕೊಲ್ಲಾಪುರದವರೆಗೆ ನಡೆದು ದೇವಿಯ ದರ್ಶನ ಮಾಡಿ ಬರುತ್ತಿದ್ದನಂತೆ. ಮುಪ್ಪು ಬಂದು ಕಾಲು ಸೋತಾಗ ದೇವಿಯೇ ಇಲ್ಲಿಗೆ ಬಂದು, ಆತ ದಿನವೂ ಗಂಧ ತೇಯುತ್ತಿದ್ದ ಸಾಣೆಕಲ್ಲಿನಲ್ಲಿ ಮೂಡಿದಳಂತೆ. ಕಾನೂನು ದೇವರಲ್ಲ, ನಿಜ. ಆದರೆ ದೆಹಲಿಯವರೆಗೆ ನಡೆಯಲಾರದವರು ತೇಯುವ ಕಲ್ಲು ಯಾವುದೆಂದು ಅದು ಹುಡುಕಿಕೊಂಡು ಬರಬೇಕು.

ಆ ಕಲ್ಲು ಯಾವುದೆಂದು ಈಗ ಗೊತ್ತಾಗಿದೆ. 2024ರ ಸೆಪ್ಟೆಂಬರ್ 1ರಂದು ಕೇಂದ್ರ ಸರ್ಕಾರ ಸಮಿತಿಯ ಮಧ್ಯಂತರ ಕ್ರಮಗಳನ್ನು ಪ್ರಕಟಿಸಿತು. ಸಲಿಂಗ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು. ಸಂಗಾತಿ ಸತ್ತಾಗ ಹತ್ತಿರದ ಬಂಧುಗಳು ಸಿಗದಿದ್ದರೆ ಆಸ್ಪತ್ರೆಯಿಂದ ದೇಹವನ್ನು ಕೇಳಿ ಪಡೆಯಬಹುದು. ಮತ್ತು ರೇಷನ್ ಕಾರ್ಡಿನ ಮಟ್ಟಿಗೆ ಅವರಿಬ್ಬರನ್ನೂ ಒಂದೇ ಮನೆಯವರೆಂದು ಎಣಿಸಬೇಕೆಂದು ರಾಜ್ಯಗಳಿಗೆ ಸೂಚನೆ ಹೋಯಿತು. ನಗರದ ಗಣ್ಯರ ವಿಷಯ ಎನ್ನಿಸಿಕೊಂಡಿದ್ದು ಕೊನೆಗೆ ಬಂದು ನಿಂತದ್ದು ಬಡವರ ಅಕ್ಕಿಯ ಚೀಲದ ಮುಂದೆ.

ಸೊಸೈಟಿಯ ಮುಂದೆ ಸಾಲಿನಲ್ಲಿ ನಿಂತವರ ಕೈಯಲ್ಲಿರುವ ಆ ಕಾರ್ಡನ್ನು ಒಮ್ಮೆ ಬಿಡಿಸಿ ನೋಡಿ. ಮೇಲೆ ಯಜಮಾನಿಯ ಹೆಸರು. ಅದರ ಕೆಳಗೆ ಒಬ್ಬೊಬ್ಬರದೇ ಹೆಸರು, ವಯಸ್ಸು, ಮತ್ತು ಯಜಮಾನಿಗೆ ಅವರು ಏನಾಗಬೇಕು ಎಂಬ ಒಂದು ಕಲಂ. ಗಂಡ. ಮಗ. ಸೊಸೆ. ಅತ್ತೆ. ಒಂದೇ ಒಲೆಯ ಮೇಲೆ ಇಪ್ಪತ್ತು ವರ್ಷ ರೊಟ್ಟಿ ಬಡಿದು ಉಂಡ ಇಬ್ಬರು ಹೆಂಗಸರು ನಾಳೆ ಆ ಕಾರ್ಡಿಗೆ ಅರ್ಜಿ ಹಿಡಿದು ಬಂದರೆ ಎರಡನೆಯವಳ ಹೆಸರಿನ ಮುಂದೆ ಏನು ಬರೆಯಬೇಕು? ಗುಮಾಸ್ತರ ಬಳಿ ಅದಕ್ಕೆ ಪದವಿಲ್ಲ. ಆ ಪದವನ್ನು ಕೊಡಬೇಕಾದವರು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಾವು ಗೆಲ್ಲಿಸಿ ಕಳಿಸಿದವರು. ಅವರು ಮುಂದಿನ ಸಲ ಮತ ಕೇಳಲು ಬಂದಾಗ ಈ ಕಲಂ ತೋರಿಸಿ ಕೇಳಬೇಕು. ಆಗ ಸಿಗುವ ಉತ್ತರ ನೋಡೋಣು ಎಂಬುದಾಗಿದ್ದರೆ, ಅಷ್ಟು ಸಾಕೇ ಎಂದು ಮತ್ತೆ ಕೇಳಬೇಕು.